ಬಿಪಿ ಏರಿದರೂ ಬೆಚ್ಚಗಾಗದ ಮೊಣಕಾಲು: ನಂಜಿನ ಆಘಾತದ ಒಂದು ಪ್ರಕರಣ ಅಧ್ಯಯನ

ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಬಹಳ ವರ್ಷಗಳಿಂದ ಒಲೆಗೆ ಉರಿ ಹಾಕುವ ಕೆಲಸ ಮಾಡುತ್ತಿದ್ದ, ಅರವತ್ತು ದಾಟಿದ ವ್ಯಕ್ತಿಯೊಬ್ಬರನ್ನು ಜನವರಿಯ ಒಂದು ಬೆಳಗಿನ ಜಾವ 108 ಆಂಬ್ಯುಲೆನ್ಸ್‌ನಲ್ಲಿ ಮೈಸೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತಂದರು. ಮೂರು ದಿನಗಳಿಂದ ಚಳಿಜ್ವರ, ಎಡ ಪಕ್ಕೆಯ ಹಿಂಭಾಗದಲ್ಲಿ ನೋವು ಮತ್ತು ಉರಿಮೂತ್ರ ಇದ್ದವು. ಹಿಂದಿನ ಸಂಜೆಯಿಂದ ಮಾತು ತೊದಲತೊಡಗಿ, ರಾತ್ರಿಯಿಡೀ ಮೂತ್ರ ಹೋಗಿರಲಿಲ್ಲ. ಹತ್ತು ವರ್ಷಕ್ಕೂ ಹಳೆಯದಾದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಬಿಪಿಗೆ ಎರಡು ಬಗೆಯ ಮಾತ್ರೆಗಳಿದ್ದವು, ಆದರೆ ಅವನ್ನು ನೆನಪಾದಾಗ ನುಂಗುವ ರೂಢಿ. ಮಗ ತಂದಿದ್ದ ಹಳೆಯ ಚೀಟಿಗಳಲ್ಲಿ ರಕ್ತದೊತ್ತಡ ಯಾವಾಗಲೂ 150ರ ಮೇಲೆಯೇ ದಾಖಲಾಗಿತ್ತು. ಮುಂದೆ ನಾವು ತೆಗೆದುಕೊಂಡ ಒಂದು ಮುಖ್ಯ ತೀರ್ಮಾನಕ್ಕೆ ಈ ಚೀಟಿಗಳೇ ಆಧಾರವಾದವು. ರೋಗಿಯ ಗುರುತು ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಬಂದಾಗ ಜ್ವರ 39.2 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 124, ಉಸಿರು ನಿಮಿಷಕ್ಕೆ 30, ರಕ್ತದೊತ್ತಡ 82/44. ಕೆಳಗಿನ ಒತ್ತಡಕ್ಕೆ, ಎರಡು ಒತ್ತಡಗಳ ನಡುವಿನ ಅಂತರದ ಮೂರನೇ ಒಂದು ಭಾಗವನ್ನು ಸೇರಿಸಿದರೆ ಸಿಗುವ ಸರಾಸರಿ ಒತ್ತಡ ಸುಮಾರು 57 ಆಗಿತ್ತು; ಸೋಂಕಿನಿಂದ ರಕ್ತದೊತ್ತಡ ಕುಸಿದು ಅಂಗಗಳಿಗೆ ರಕ್ತ ಸಾಲದಾಗುವ ನಂಜಿನ ಆಘಾತದಲ್ಲಿ, ಅಂದರೆ ಸೆಪ್ಟಿಕ್ ಶಾಕ್‌ನಲ್ಲಿ, ಮೊದಲ ಗುರಿಯಾಗಿ ಇಟ್ಟುಕೊಳ್ಳುವ ಅಂಕಿ 65. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಅಲೆಯನ್ನೇ ತೋರಿಸಲಿಲ್ಲ, ಕಿವಿಯ ಹಾಲೆಗೆ ಹಾಕಿದಾಗ 94 ಎಂದಿತು. ಅಂಗಾಂಶಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ 5.1 ಮಿಲಿಮೋಲ್, ಮೂತ್ರಪಿಂಡ ಸೋತಾಗ ಏರುವ ಕ್ರಿಯಾಟಿನಿನ್ 2.3, ಬಿಳಿ ರಕ್ತಕಣಗಳು 21,000, ಪ್ಲೇಟ್‌ಲೆಟ್ 96,000. ಸ್ಕ್ಯಾನ್‌ನಲ್ಲಿ ಎಡ ಮೂತ್ರಪಿಂಡ ಊದಿಕೊಂಡಿತ್ತಾದರೂ ಕಲ್ಲಾಗಲಿ, ಮೂತ್ರನಾಳದಲ್ಲಿ ಅಡಚಣೆಯಾಗಲಿ, ಸಕ್ಕರೆ ಕಾಯಿಲೆಯವರಲ್ಲಿ ನಾವು ಹೆದರುವ ಗಾಳಿಗುಳ್ಳೆಗಳಾಗಲಿ ಕಾಣಲಿಲ್ಲ. ಮೂತ್ರಪಿಂಡದ ಸೋಂಕಿನಿಂದ ಹುಟ್ಟಿದ ನಂಜು ಎಂಬ ರೋಗನಿರ್ಣಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಆದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಈ ಪ್ರಕರಣದಲ್ಲಿ ಬರೆಯತಕ್ಕ ಸಂಗತಿ ಇದ್ದುದು ಅವರ ಚರ್ಮದಲ್ಲಿ.

ಅದನ್ನು ಮೊದಲು ಹೇಳಿದವರು ಅವರ ಹೆಂಡತಿ. ಕೇಸ್ ಶೀಟ್ ಬರೆಯುತ್ತಿದ್ದ ಕಿರಿಯ ವೈದ್ಯರಿಗೆ ಆಕೆ ಹೇಳಿದ್ದು ಇಷ್ಟು: "ಮೈ ಸುಡ್ತಾ ಅದೆ ಕಣ್ ಸಾಮಿ, ಕಾಲು ಮಾತ್ರ ರಾತ್ರಿಯಿಂದ ತಣ್ಣಗವೆ. ಎಷ್ಟು ತಿಕ್ಕಿದ್ರೂ ಬಿಸಿಯಾಗ್ತಿಲ್ಲ." ಮನೆಯವರು ಹೇಳುವ ಇಂತಹ ಮಾತನ್ನು ದಾಖಲಿಸಲು ನಮ್ಮ ಕೇಸ್ ಶೀಟ್‌ಗಳಲ್ಲಿ ಕಾಲಂ ಇರುವುದಿಲ್ಲ. ಆದರೆ ಮುಂಡ ಸುಡುತ್ತಿದ್ದು ಕೈಕಾಲು ತಣ್ಣಗಿರುವುದು ಆಘಾತದ ಅತ್ಯಂತ ಹಳೆಯ ಮತ್ತು ನಂಬಿಕೆಗೆ ಅರ್ಹವಾದ ಲಕ್ಷಣಗಳಲ್ಲಿ ಒಂದು. ಕಾಲಿನ ಹೆಬ್ಬೆರಳಿನ ಉಷ್ಣತೆಯನ್ನು ಅಳೆದು, ಅದು ಹೃದಯ ಹೊರಹಾಕುವ ರಕ್ತದ ಪ್ರಮಾಣಕ್ಕೆ ಕನ್ನಡಿ ಹಿಡಿಯುತ್ತದೆಂದು ಜೋಲಿ ಮತ್ತು ವೈಲ್ ಎಂಬ ಸಂಶೋಧಕರು 1969ರಲ್ಲಿಯೇ ಬರೆದಿದ್ದರು. ಅವರು ಥರ್ಮಾಮೀಟರ್‌ನಿಂದ ಕಂಡುಕೊಂಡದ್ದನ್ನು ಈ ಹೆಂಗಸು ಅಂಗೈಯಿಂದ ಕಂಡುಕೊಂಡಿದ್ದರು.

ಹೊದಿಕೆ ತೆಗೆದು, ಕೈಯ ಹಿಂಭಾಗದಿಂದ ಪಾದದಿಂದ ಮೇಲಕ್ಕೆ ಮುಟ್ಟುತ್ತ ಹೋದಾಗ ಎಡಗಾಲಿನಲ್ಲಿ ತಂಪು ಮೊಣಕಾಲನ್ನು ದಾಟಿ ತೊಡೆಯ ಕೆಳಭಾಗದವರೆಗೂ ಇತ್ತು. ಕೈಗಳಲ್ಲಿ ಮುಂಗೈಯ ಮಧ್ಯದವರೆಗೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ನೇರವಾಗಿ ನೋಡಿದರೆ ಮೊಣಕಾಲಿನ ಚರ್ಮದಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ, ಏಕೆಂದರೆ ಅವರದು ಗಾಢ ಕಂದು ಮೈಬಣ್ಣ. ಟಾರ್ಚನ್ನು ಒಂದು ಪಕ್ಕದಿಂದ ಓರೆಯಾಗಿ ಹಿಡಿದು, ತೊಡೆಯ ಒಳಭಾಗದ ಚರ್ಮದೊಂದಿಗೆ ಹೋಲಿಸಿ ನೋಡಿದಾಗ ಮಾತ್ರ ಮಂಡಿಚಿಪ್ಪಿನ ಸುತ್ತ, ಅದರ ಮೇಲಂಚನ್ನೂ ದಾಟಿ, ಬೂದಿ ಮಿಶ್ರಿತ ನೇರಳೆ ಬಣ್ಣದ ಒಡೆದೊಡೆದ ಮಚ್ಚೆಗಳು ಕಂಡವು. ಬೆರಳಿನಿಂದ ಒತ್ತಿದರೆ ಅವು ಮಾಸುತ್ತಿದ್ದವು ಮತ್ತು ಮರಳಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದವು. ಇದನ್ನೇ ಮಾಟ್ಲಿಂಗ್ ಎನ್ನುತ್ತಾರೆ.

ಇದಕ್ಕೊಂದು ಸರಳ ಅಂಕಪಟ್ಟಿ ಇದೆ. ಪ್ಯಾರಿಸ್‌ನ ಐಸಿಯು ಒಂದರಲ್ಲಿ 60 ಮಂದಿ ನಂಜಿನ ಆಘಾತದ ರೋಗಿಗಳನ್ನು ಗಮನಿಸಿ ಐಟ್-ಉಫೆಲಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಕ್ರಮ ಅದು. ಮಚ್ಚೆಯೇ ಇಲ್ಲದಿದ್ದರೆ ಸೊನ್ನೆ, ಮೊಣಕಾಲಿನ ನಡುವೆ ನಾಣ್ಯದಷ್ಟಗಲ ಇದ್ದರೆ 1, ಮಂಡಿಚಿಪ್ಪಿನ ಮೇಲಂಚಿನೊಳಗೆ ನಿಂತರೆ 2, ತೊಡೆಯ ಮಧ್ಯದವರೆಗೆ ಬಂದರೆ 3, ತೊಡೆಸಂದಿಯವರೆಗೆ 4, ಅದನ್ನೂ ಮೀರಿದರೆ 5. ಚಿಕಿತ್ಸೆ ಆರಂಭಿಸಿದ ಆರು ಗಂಟೆಗಳ ನಂತರವೂ ಅಂಕ ಹೆಚ್ಚಾಗಿಯೇ ಉಳಿದವರಲ್ಲಿ ಸಾವು ಗಣನೀಯವಾಗಿ ಹೆಚ್ಚಿತ್ತೆಂಬುದು ಅವರ ಮುಖ್ಯ ಗಮನಿಕೆ. ನಮ್ಮ ರೋಗಿಯ ಅಂಕ 3. ಈ ಅಂಕಪಟ್ಟಿಯನ್ನು ಮೈಸೂರು, ಮಂಡ್ಯದ ಕಪ್ಪು ಮೈಬಣ್ಣಕ್ಕೆ ಹಾಗೆಯೇ ಅನ್ವಯಿಸುವುದು ಕಷ್ಟ. ಮಚ್ಚೆ ಕಾಣದಿರುವುದಕ್ಕೂ ಮಚ್ಚೆ ಇಲ್ಲದಿರುವುದಕ್ಕೂ ಇಲ್ಲಿ ಬಹಳ ವ್ಯತ್ಯಾಸವಿದೆ. ಆದ್ದರಿಂದ ನಮ್ಮಲ್ಲಿ ಕಣ್ಣಿಗಿಂತ ಕೈಗೆ ಹೆಚ್ಚು ಬೆಲೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ತಂಪು ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಚರ್ಮದ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದು ಸಮಯ ಬರೆದಿಟ್ಟರೆ, ಮುಂದಿನ ಪಾಳಿಯವರಿಗೆ ಬಣ್ಣ ಕಂಡರೂ ಕಾಣದಿದ್ದರೂ ಹೋಲಿಕೆಗೆ ಒಂದು ನೆಲೆ ಸಿಗುತ್ತದೆ. ಈ ರೋಗಿಯ ಎಡತೊಡೆಯ ಮೇಲೂ ಹಾಗೆ ಗೆರೆ ಎಳೆದೆವು.

ಇಲ್ಲೊಂದು ತೊಡಕು ಎದುರಾಯಿತು. ಕಿರಿಯ ವೈದ್ಯರು ಎರಡೂ ಮೊಣಕಾಲಿನ ಕೆಳಗೆ, ಕಣಕಾಲಿನ ಮುಂಭಾಗದಲ್ಲಿ ಬಲೆಯಂತೆ ಹರಡಿದ್ದ ಕಂದುಗೆರೆಗಳನ್ನೂ ಮಾಟ್ಲಿಂಗ್ ಎಂದೇ ಬರೆದಿದ್ದರು. ನೋಡಲು ಅದು ಮಾಟ್ಲಿಂಗ್‌ಗಿಂತಲೂ ಅಚ್ಚುಕಟ್ಟಾದ ಬಲೆ. ಆದರೆ ಒತ್ತಿದರೆ ಅದು ಮಾಸುತ್ತಿರಲಿಲ್ಲ, ಮೇಲಿನ ಚರ್ಮ ಸ್ವಲ್ಪ ಒರಟಾಗಿತ್ತು, ಕಾಲಿನ ಹಿಂಭಾಗದ ಮೀನಖಂಡದಲ್ಲಿ ಅದರ ಸುಳಿವೂ ಇರಲಿಲ್ಲ. ಕೇಳಿದಾಗ ಅದು ಬಹಳ ವರ್ಷಗಳಿಂದ ಇದೆಯೆಂದು ಹೆಂಡತಿ ಹೇಳಿದರು. ಸುಡದಷ್ಟು ಶಾಖಕ್ಕೆ ಚರ್ಮವನ್ನು ದಿನವೂ ಗಂಟೆಗಟ್ಟಲೆ ಒಡ್ಡಿಕೊಂಡವರಲ್ಲಿ ಬರುವ ಈ ಬದಲಾವಣೆಗೆ ಎರಿಥೀಮಾ ಆಬ್ ಇಗ್ನೆ ಎಂದು ಹೆಸರು. ಕಾಶ್ಮೀರದಲ್ಲಿ ಚಳಿಗೆ ಕಾಂಗ್ಡಿಯ ಕೆಂಡವನ್ನು ಮೈಗೆ ಹತ್ತಿರ ಇಟ್ಟುಕೊಳ್ಳುವವರ ಹೊಟ್ಟೆ, ತೊಡೆಗಳ ಮೇಲೆ ಇದೇ ಬಲೆ ಕಾಣುತ್ತದೆ. ಬೆನ್ನುನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವವರ ಬೆನ್ನಿನಲ್ಲೂ ಕಾಣುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗಿನ ಒಲೆಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತ ಕೂರುವವರ ಕಣಕಾಲು ಬೆಂಕಿಗೆ ಎದುರಾಗಿಯೇ ಇರುತ್ತದೆ. ಇದು ರಕ್ತಸಂಚಾರದ ಲಕ್ಷಣವಲ್ಲ, ವೃತ್ತಿಯ ಗುರುತು. ಚಿಕಿತ್ಸೆ ಎಷ್ಟೇ ಫಲಿಸಿದರೂ ಅದು ಮಾಯವಾಗುವುದಿಲ್ಲವಾದ್ದರಿಂದ, ಅದನ್ನು ಲೆಕ್ಕಕ್ಕೆ ಹಿಡಿದಿದ್ದರೆ ಗುಣವಾಗುತ್ತಿರುವ ರೋಗಿಯನ್ನೂ ಹದಗೆಡುತ್ತಿರುವವರೆಂದು ಭಾವಿಸಿ ದ್ರವ ಸುರಿಯುತ್ತಲೇ ಇರುತ್ತಿದ್ದೆವು. ಒತ್ತಿದರೂ ಮಾಸದ ಇನ್ನೊಂದು ಬಗೆಯ ನೇರಳೆ ಕಲೆಗಳಿವೆ. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿ ಹೊರಗೆ ಸೋರಿದಾಗ ಬರುವ ಪರ್ಪುರಾ ಅದು. ಪ್ಲೇಟ್‌ಲೆಟ್ ಕಡಿಮೆಯಾಗಿದ್ದ ಈ ರೋಗಿಯಲ್ಲಿ ಅದನ್ನೂ ಹುಡುಕಿದೆವು, ಸಿಗಲಿಲ್ಲ.

ಆಘಾತದಲ್ಲಿ ಚರ್ಮ ಇಷ್ಟು ಬೇಗ ಸುದ್ದಿ ಕೊಡುವುದೇಕೆಂಬುದು ತಿಳಿದಿದ್ದರೆ ಅದನ್ನು ಓದುವುದು ಸುಲಭ. ಒತ್ತಡ ಕುಸಿದಾಗ ಮೆದುಳು ಮತ್ತು ಹೃದಯದ ರಕ್ತನಾಳಗಳು ತಾವಾಗಿಯೇ ಹಿಗ್ಗಿ ಹರಿವನ್ನು ಒಂದು ಮಟ್ಟದವರೆಗೆ ಕಾಯ್ದುಕೊಳ್ಳುತ್ತವೆ. ಚರ್ಮಕ್ಕೆ ಅಂತಹ ರಕ್ಷಣೆ ಇಲ್ಲವೆಂದೇ ಹೇಳಬೇಕು. ಸಿಂಪಥೆಟಿಕ್ ನರಗಳ ಆಜ್ಞೆ ಬಂದ ಕೂಡಲೇ ಅದರ ಸಣ್ಣ ರಕ್ತನಾಳಗಳು ಬಿಗಿದುಕೊಂಡು, ರಕ್ತ ಒಳಗಿನ ಅಂಗಗಳಿಗೆ ತಿರುಗುತ್ತದೆ. ಎಲ್ಲ ನಾಳಗಳೂ ಒಂದೇ ಸಮನೆ ಬಿಗಿಯುವುದಿಲ್ಲವಾದ್ದರಿಂದ ಚರ್ಮ ಒಂದೆಡೆ ಬಿಳಿಚಿ, ಪಕ್ಕದಲ್ಲೇ ನೀಲಿಗಟ್ಟಿ ಮಚ್ಚೆಮಚ್ಚೆಯಾಗುತ್ತದೆ. ಬರಗಾಲದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಕೊನೆಯ ಗದ್ದೆಗೆ ಮೊದಲು ತಪ್ಪಿ, ಬಿಟ್ಟಾಗಲೂ ಅಲ್ಲಿಗೆ ಕೊನೆಗೆ ತಲುಪುವಂತೆ, ಮೊಣಕಾಲಿನ ಮತ್ತು ಬೆರಳ ತುದಿಯ ಚರ್ಮ ರಕ್ತವನ್ನು ಮೊದಲು ಕಳೆದುಕೊಂಡು ತಡವಾಗಿ ಪಡೆಯುತ್ತದೆ. ಆ ಕಾರಣಕ್ಕೇ ಅದು ಉಪಯುಕ್ತ. ಚರ್ಮ ಬೆಚ್ಚಗಾಗಿ, ಒತ್ತಿದ ಬಣ್ಣ ಬೇಗ ಮರಳಿದರೆ ಅದಕ್ಕಿಂತ ಆದ್ಯತೆಯ ಅಂಗಗಳಿಗೂ ರಕ್ತ ತಲುಪಿರುವ ಸಾಧ್ಯತೆ ಹೆಚ್ಚು.

ಈ ಮರಳುವ ಹೊತ್ತನ್ನು ಅಳೆಯುವುದೇ ಕ್ಯಾಪಿಲರಿ ರಿಫಿಲ್ ಟೈಮ್. ಎಂಬಿಬಿಎಸ್ ಮೊದಲ ವರ್ಷಗಳಲ್ಲಿ ಕಲಿಸುವ ಈ ಪರೀಕ್ಷೆಯನ್ನು ಬಹುತೇಕರು ಉಗುರನ್ನು ಕ್ಷಣಮಾತ್ರ ಚಿವುಟಿ, ಮನಸ್ಸಿನಲ್ಲೇ ಒಂದು ಎರಡು ಎಣಿಸಿ ಮುಗಿಸುತ್ತಾರೆ. ಹಾಗೆ ಮಾಡಿದ ಅಳತೆಯನ್ನು ಬರೆಯದಿರುವುದೇ ಲೇಸು. ನಾವು ಅನುಸರಿಸಿದ ಕ್ರಮ ಹೀಗಿದೆ: ಪ್ರಯೋಗಾಲಯದ ಗಾಜಿನ ಸ್ಲೈಡನ್ನು ಬಲಗೈ ತೋರುಬೆರಳಿನ ತುದಿಯ ಒಳಭಾಗದ ಮೇಲಿಟ್ಟು, ಚರ್ಮ ಬಿಳಿಚುವವರೆಗೆ ಒತ್ತಿ, ಅದೇ ಒತ್ತಡವನ್ನು 10 ಸೆಕೆಂಡು ಹಿಡಿದು, ಬಿಟ್ಟ ಕ್ಷಣದಿಂದ ಮೊದಲಿನ ಬಣ್ಣ ಬರುವವರೆಗೆ ಸ್ಟಾಪ್‌ವಾಚ್‌ನಲ್ಲಿ ಅಳೆಯುವುದು. 3 ಸೆಕೆಂಡಿಗಿಂತ ಹೆಚ್ಚಾದರೆ ಅಸಹಜವೆಂದು ಪರಿಗಣಿಸಿದೆವು. ಗಾಜಿನ ಮೂಲಕ ನೋಡುವುದರಿಂದ ಬಿಳಿಚುವ ಕ್ಷಣ ಸ್ಪಷ್ಟವಾಗಿ ಕಾಣುತ್ತದೆ. ಅಂಗೈ ಮತ್ತು ಬೆರಳಿನ ಒಳಭಾಗದಲ್ಲಿ ಬಣ್ಣದ ಅಂಶ ಕಡಿಮೆ ಇರುವುದರಿಂದ, ಮೊಣಕಾಲಿನಲ್ಲಿ ಮೋಸ ಮಾಡುವ ಮೈಬಣ್ಣ ಇಲ್ಲಿ ಅಷ್ಟು ಅಡ್ಡ ಬರುವುದಿಲ್ಲ.

ಆದರೆ ಈ ರೋಗಿಯ ಬೆರಳ ತುದಿ ಜಡ್ಡುಗಟ್ಟಿತ್ತು. ಕಬ್ಬು, ಸೌದೆ, ಕಾದ ಸಲಾಕೆ ಹಿಡಿದ ಕೈ. ಹಳದಿಗಟ್ಟಿದ ದಪ್ಪ ಚರ್ಮದ ಕೆಳಗೆ ಕೆಂಪು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಮೊದಲ ಸಲ ಇಬ್ಬರು ದಾದಿಯರು ಅಳೆದಾಗ ಒಬ್ಬರಿಗೆ 3, ಇನ್ನೊಬ್ಬರಿಗೆ 6 ಸೆಕೆಂಡು ಬಂತು. ಉಂಗುರದ ಬೆರಳಿನ ತುದಿಯ ಪಕ್ಕದಲ್ಲಿ ಜಡ್ಡಿಲ್ಲದ ಒಂದು ಜಾಗ ಹುಡುಕಿ, ಇನ್ನು ಮುಂದೆ ಎಲ್ಲರೂ ಅಲ್ಲಿಯೇ ಅಳೆಯಬೇಕೆಂದು ಗುರುತು ಹಾಕಿದ ಮೇಲೆ ಅಳತೆಗಳು ಒಂದಕ್ಕೊಂದು ಹೊಂದತೊಡಗಿದವು: ಮೊದಲ ಅಳತೆ 6 ಸೆಕೆಂಡು. ಜೊತೆಗೆ ಎಸಿಯನ್ನು ತಗ್ಗಿಸಿ ಕೋಣೆಯನ್ನು ಬೆಚ್ಚಗಿಟ್ಟೆವು. ತಣ್ಣನೆಯ ಕೋಣೆಯಲ್ಲಿ ಆರೋಗ್ಯವಂತರ ಬೆರಳಿನಲ್ಲೂ ಬಣ್ಣ ನಿಧಾನವಾಗಿ ಮರಳುತ್ತದೆ. ಜನವರಿಯ ಬೆಳಗಿನ ಜಾವ ಆಂಬ್ಯುಲೆನ್ಸ್‌ನಲ್ಲಿ ಬಂದವರಲ್ಲಿ ಅರ್ಧ ತಂಪು ಹವಾಮಾನದ್ದೇ ಆಗಿರಬಹುದು. ವಯಸ್ಸಾದವರಲ್ಲೂ ಇದು ಸಹಜವಾಗಿಯೇ ಕೊಂಚ ಉದ್ದ. ಹೀಗಾಗಿ ಒಂದೇ ಅಳತೆಗಿಂತ ಅರ್ಧ ಗಂಟೆಗೊಮ್ಮೆ ತೆಗೆದ ಅಳತೆಗಳು ಯಾವ ದಿಕ್ಕಿಗೆ ಸಾಗುತ್ತಿವೆ ಎಂಬುದನ್ನು ನಾನು ಹೆಚ್ಚು ನಂಬುತ್ತೇನೆ.

ಚಿಕಿತ್ಸೆ ವಾಡಿಕೆಯಂತೆ ನಡೆಯಿತು. ರಕ್ತ ಮತ್ತು ಮೂತ್ರವನ್ನು ಕಲ್ಚರ್‌ಗೆ ಕಳುಹಿಸಿ ಮೊದಲ ಗಂಟೆಯೊಳಗೇ ಮೆರೋಪೆನೆಮ್ ಎಂಬ ಆಂಟಿಬಯಾಟಿಕ್ ಕೊಟ್ಟೆವು. 58 ಕೆ.ಜಿ. ತೂಕಕ್ಕೆ ಕೆ.ಜಿ.ಗೆ 30 ಮಿ.ಲೀ.ನಂತೆ ಸುಮಾರು 1,750 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಎರಡು ಗಂಟೆಗಳಲ್ಲಿ ಹೋಯಿತು. ಒತ್ತಡ ಏರುವುದನ್ನು ಕಾಯುತ್ತ ಕೂರದೆ ಮುಂಗೈಯ ದಪ್ಪ ಅಭಿಧಮನಿಯ ಮೂಲಕವೇ ರಕ್ತನಾಳಗಳನ್ನು ಬಿಗಿಸಿ ಒತ್ತಡ ಏರಿಸುವ ನಾರ್‌ಅಡ್ರಿನಲಿನ್ ಶುರುಮಾಡಿದೆವು, ಸೆಂಟ್ರಲ್ ಲೈನ್ ಆಮೇಲೆ ಹಾಕಿದೆವು. ಎರಡನೇ ಗಂಟೆಯ ಕೊನೆಗೆ ಒತ್ತಡ 98/52, ಸರಾಸರಿ 67, ನಾಡಿ 108. ಮಾನಿಟರ್‌ನಲ್ಲಿ ಕೆಂಪು ಅಕ್ಷರಗಳೆಲ್ಲ ಹೋಗಿ ಹಸಿರಾದವು. ಹೊರಗೆ ಕಾಯುತ್ತಿದ್ದ ಮಗನಿಗೆ ಯಾರೋ "ಬಿಪಿ ಬಂತು" ಎಂದು ಹೇಳಿಯೂ ಆಗಿತ್ತು.

ಚರ್ಮ ಮಾತ್ರ ಬೇರೆ ಹೇಳುತ್ತಿತ್ತು. ಬಣ್ಣ ಮರಳಲು ಇನ್ನೂ 5 ಸೆಕೆಂಡು ಬೇಕಾಗುತ್ತಿತ್ತು, ಎಡತೊಡೆಯ ತಂಪು ಪೆನ್ನಿನ ಗೆರೆಯಿಂದ ಒಂದು ಬೆರಳೂ ಇಳಿದಿರಲಿಲ್ಲ, ಮಚ್ಚೆಯ ಅಂಕ 3ರಲ್ಲೇ ನಿಂತಿತ್ತು. ಎರಡು ಗಂಟೆಗಳಲ್ಲಿ ಬಂದ ಮೂತ್ರ 18 ಮಿ.ಲೀ.; ಈ ತೂಕದವರಿಗೆ ಗಂಟೆಗೆ ಕನಿಷ್ಠ 29 ಮಿ.ಲೀ. ಬರಬೇಕು. ಲ್ಯಾಕ್ಟೇಟ್ 4.6. ದೊಡ್ಡ ರಕ್ತನಾಳಗಳಲ್ಲಿನ ಒತ್ತಡ ಸರಿಹೋದರೂ ಸೂಕ್ಷ್ಮ ನಾಳಗಳಲ್ಲಿ ಹರಿವು ಸರಿಹೋಗದ ಸ್ಥಿತಿ ಇದು, ಮತ್ತು ಮಾನಿಟರ್ ಅಳೆಯುವುದು ಮೊದಲನೆಯದನ್ನು ಮಾತ್ರ. ಇಂತಹ ಹೊತ್ತಿನಲ್ಲಿ ಐಸಿಯುಗಳಲ್ಲಿ ನಡೆಯುವ ಸಾಮಾನ್ಯ ಕ್ರಮವೆಂದರೆ ಇನ್ನೊಂದು ಬಾಟಲಿ ಏರಿಸುವುದು. ಕೆಲವೊಮ್ಮೆ ಅದು ಸರಿಯೂ ಆಗಿರುತ್ತದೆ. ಆದರೆ ತಣ್ಣನೆಯ ಚರ್ಮ ಹರಿವು ಸಾಲದೆಂದು ಹೇಳುತ್ತದೆಯೇ ಹೊರತು ದ್ರವ ಬೇಕೆಂದು ಹೇಳುವುದಿಲ್ಲ. ಅದು ಬೇಕೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿ ನೋಡಿದಾಗ ಹೃದಯದ ಸಂಕೋಚನ ಚೆನ್ನಾಗಿಯೇ ಇತ್ತು. ಎರಡೂ ಕಾಲುಗಳನ್ನು 45 ಡಿಗ್ರಿ ಎತ್ತಿ, ಹೃದಯ ಪ್ರತಿ ಬಡಿತಕ್ಕೆ ಹೊರಹಾಕುವ ರಕ್ತ ಹೆಚ್ಚುತ್ತದೆಯೇ ಎಂದು ಅಳೆದೆವು, ಶೇ. 10ರಷ್ಟೂ ಏರಲಿಲ್ಲ. ಶ್ವಾಸಕೋಶದ ತಳದಲ್ಲಿ ನೀರಿನ ಸೂಚನೆ ಆಗಲೇ ಕಾಣತೊಡಗಿತ್ತು. ದ್ರವದಿಂದ ಉಪಯೋಗವಿಲ್ಲ, ಹೃದಯಕ್ಕೆ ಉತ್ತೇಜಕವೂ ಬೇಕಿಲ್ಲ. ಉಳಿದ ಪ್ರಶ್ನೆ ಒಂದೇ: 65ರ ಗುರಿ ಈ ಮನುಷ್ಯನಿಗೆ ಸಾಕೇ?

ವರ್ಷಗಟ್ಟಲೆ ಹೆಚ್ಚಿನ ಒತ್ತಡಕ್ಕೆ ಒಗ್ಗಿಕೊಂಡ ರಕ್ತನಾಳಗಳು ಹರಿವನ್ನು ಕಾಯ್ದುಕೊಳ್ಳಲು ಇತರರಿಗಿಂತ ಹೆಚ್ಚಿನ ಒತ್ತಡವನ್ನೇ ಬೇಡುತ್ತವೆ. ಫ್ರಾನ್ಸ್‌ನಲ್ಲಿ 776 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಸೆಪ್ಸಿಸ್‌ಪ್ಯಾಮ್ ಅಧ್ಯಯನದಲ್ಲಿ 65ರಿಂದ 70 ಮತ್ತು 80ರಿಂದ 85 ಎಂಬ ಎರಡು ಗುರಿಗಳನ್ನು ಹೋಲಿಸಿದ್ದರು. ಒಟ್ಟಾರೆ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲಿನಿಂದಲೂ ಬಿಪಿ ಇದ್ದವರಲ್ಲಿ ಹೆಚ್ಚಿನ ಗುರಿ ಇಟ್ಟಾಗ ಡಯಾಲಿಸಿಸ್‌ನ ಅಗತ್ಯ ಕಡಿಮೆಯಾಯಿತು, ಜೊತೆಗೆ ಹೆಚ್ಚಿನ ಗುರಿಯ ಇಡೀ ಗುಂಪಿನಲ್ಲಿ ಹೃದಯದ ಲಯ ತಪ್ಪುವ ಪ್ರಸಂಗಗಳು ಹೆಚ್ಚಾದವು. ಎಲ್ಲರಿಗೂ ಒತ್ತಡ ಏರಿಸಬೇಕೆಂದೂ ಇದು ಹೇಳುವುದಿಲ್ಲ, ಯಾರಿಗೂ ಬೇಡವೆಂದೂ ಹೇಳುವುದಿಲ್ಲ. ಯಾರಿಗೆ ಬೇಕೆಂಬುದನ್ನು ಹಾಸಿಗೆಯ ಪಕ್ಕದಲ್ಲೇ ತಿಳಿಯಲು ಚರ್ಮ ನೆರವಾಗುತ್ತದೆ.

ಲ್ಯಾಟಿನ್ ಅಮೆರಿಕದ ಐದು ದೇಶಗಳ 28 ಐಸಿಯುಗಳಲ್ಲಿ 424 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಆಂಡ್ರೊಮೆಡಾ-ಶಾಕ್ ಅಧ್ಯಯನ ಈ ವಿಚಾರಕ್ಕೆ ಗಟ್ಟಿ ಚೌಕಟ್ಟು ಒದಗಿಸಿತು. ಒಂದು ಗುಂಪಿನಲ್ಲಿ ಲ್ಯಾಕ್ಟೇಟ್ ಇಳಿಸುವುದು ಗುರಿ, ಇನ್ನೊಂದರಲ್ಲಿ ಬೆರಳಿನ ಬಣ್ಣ 3 ಸೆಕೆಂಡಿನೊಳಗೆ ಮರಳುವಂತೆ ಮಾಡುವುದು ಗುರಿ. 28 ದಿನಗಳಲ್ಲಿ ಸಾವು ಮೊದಲ ಗುಂಪಿನಲ್ಲಿ ಶೇ. 43.4, ಎರಡನೆಯದರಲ್ಲಿ ಶೇ. 34.9. ಈ ಅಂತರ ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತಾದ್ದರಿಂದ ಬೆರಳೇ ಮೇಲು ಎಂದು ಘೋಷಿಸುವಂತಿಲ್ಲ. ಆದರೆ ಸಾವಿರಾರು ರೂಪಾಯಿಯ ಯಂತ್ರಕ್ಕೆ ಒಂದು ಗಾಜಿನ ಚೂರು ಹಿಂದೆ ಬೀಳಲಿಲ್ಲವೆಂಬುದೇ ತಾಲ್ಲೂಕು ಆಸ್ಪತ್ರೆಗಳಿರುವ ನಮ್ಮಂತಹ ಕಡೆ ದೊಡ್ಡ ಮಾತು. 2021ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿಯೂ ಇತರ ಅಳತೆಗಳ ಜೊತೆಗೆ ಇದನ್ನು ಬಳಸುವಂತೆ ಸಲಹೆ ನೀಡಿದೆ. 1,400ಕ್ಕೂ ಹೆಚ್ಚು ರೋಗಿಗಳಿದ್ದ ಎರಡನೇ ಆಂಡ್ರೊಮೆಡಾ-ಶಾಕ್ ಅಧ್ಯಯನ 2025ರಲ್ಲಿ ಹೊರಬಂತು. ಅದರಲ್ಲಿ ಸಾವಿನ ಪ್ರಮಾಣ ಎರಡೂ ಗುಂಪುಗಳಲ್ಲಿ ಸರಿಸುಮಾರು ಒಂದೇ ಇದ್ದು, ಬೆರಳನ್ನು ಗುರಿಯಾಗಿಟ್ಟುಕೊಂಡವರಲ್ಲಿ ಔಷಧಿ ಮತ್ತು ಯಂತ್ರಗಳ ಆಸರೆ ಬೇಕಾದ ಅವಧಿ ಕಡಿಮೆಯಾಗಿತ್ತು.

ಮೊದಲ ಆಂಡ್ರೊಮೆಡಾ-ಶಾಕ್ ಅಧ್ಯಯನದ ಕ್ರಮದಲ್ಲಿಯೇ ಒಂದು ಹಂತವಿದೆ: ಹಳೆಯ ಬಿಪಿ ರೋಗಿಗಳಲ್ಲಿ ದ್ರವದಿಂದ ಪ್ರಯೋಜನವಿಲ್ಲದಿದ್ದರೆ, ಸರಾಸರಿ ಒತ್ತಡವನ್ನು ಒಂದು ಗಂಟೆಯ ಮಟ್ಟಿಗೆ 80ರಿಂದ 85ಕ್ಕೆ ಏರಿಸಿ ನೋಡುವುದು. ಬೆರಳಿನ ಬಣ್ಣ ಬೇಗ ಮರಳಿದರೆ ಅದನ್ನು ಮುಂದುವರಿಸುವುದು, ಇಲ್ಲದಿದ್ದರೆ ಹಿಂದಕ್ಕೆ ಇಳಿಸುವುದು. ಮಗ ತಂದ ಚೀಟಿಗಳು ಇಲ್ಲಿ ಕೆಲಸಕ್ಕೆ ಬಂದವು. ನಾರ್‌ಅಡ್ರಿನಲಿನ್ ಅನ್ನು ಕೆ.ಜಿ.ಗೆ ನಿಮಿಷಕ್ಕೆ 0.15 ಮೈಕ್ರೋಗ್ರಾಂನಿಂದ 0.24ಕ್ಕೆ ಏರಿಸಿ ಒತ್ತಡವನ್ನು 122/62ಕ್ಕೆ, ಅಂದರೆ ಸರಾಸರಿ 82ಕ್ಕೆ ತಂದೆವು. ರಕ್ತನಾಳಗಳನ್ನು ಬಿಗಿಸುವ ಔಷಧಿಯನ್ನು ಹೆಚ್ಚಿಸಿದರೆ ತಣ್ಣಗಿರುವ ಚರ್ಮ ಇನ್ನಷ್ಟು ತಣ್ಣಗಾಗಬೇಕಲ್ಲವೇ ಎಂದು ದಾದಿಯೊಬ್ಬರು ಕೇಳಿದರು. ಪ್ರಶ್ನೆ ಸರಿಯಾದದ್ದೇ, ಕೆಲವರಲ್ಲಿ ಹಾಗೆಯೇ ಆಗುತ್ತದೆ, ಆದ್ದರಿಂದಲೇ ಅದನ್ನು ಗಂಟೆಯ ಅವಧಿ ಹಾಕಿ ಮಾಡುವ ಪರೀಕ್ಷೆಯೆಂದು ಕರೆಯುವುದು.

ಅರ್ಧ ಗಂಟೆಗೆ ಅಳತೆ 4 ಸೆಕೆಂಡಾಯಿತು, ಒಂದು ಗಂಟೆಗೆ 3. ಅದೇ ಗಂಟೆಯಲ್ಲಿ 35 ಮಿ.ಲೀ. ಮೂತ್ರ ಬಂತು. ಬೆರಳಿಗೆ ಹಾಕಿದ ಆಕ್ಸಿಮೀಟರ್ ಮೊದಲ ಬಾರಿಗೆ ಅಲೆ ತೋರಿಸಿತು. ಲ್ಯಾಕ್ಟೇಟ್ ಇನ್ನೂ 4.2ರಲ್ಲಿತ್ತು, ಅದನ್ನೇ ನೆಚ್ಚಿಕೊಂಡಿದ್ದರೆ ಚಿಕಿತ್ಸೆ ಫಲಿಸಿಲ್ಲವೆಂದು ಇನ್ನಷ್ಟು ದ್ರವ ಕೊಡುವ ಮನಸ್ಸಾಗುತ್ತಿತ್ತು. ಲ್ಯಾಕ್ಟೇಟ್ ಇಳಿಯಲು ಯಕೃತ್ತು ಅದನ್ನು ಕರಗಿಸಬೇಕು, ಅದಕ್ಕೆ ಗಂಟೆಗಳು ಬೇಕು. ಬೆರಳು ನಿಮಿಷಗಳಲ್ಲಿ ಉತ್ತರಿಸುತ್ತದೆ. ಮೊಣಕಾಲು ಇವೆರಡರ ನಡುವೆ. ಆರನೇ ಗಂಟೆಗೆ ಮಚ್ಚೆ ಮಂಡಿಚಿಪ್ಪಿನ ಮೇಲಂಚಿನೊಳಗೆ ಸರಿದು ಅಂಕ 2 ಆಯಿತು, ತಂಪು ಪೆನ್ನಿನ ಗೆರೆಯಿಂದ ಒಂದು ಗೇಣು ಇಳಿಯಿತು. ಮರುದಿನ ಬೆಳಗ್ಗೆ ಎಡ ಮೊಣಕಾಲು ಬೆಚ್ಚಗಿತ್ತು, ಮಚ್ಚೆ ಇರಲಿಲ್ಲ. ಕಣಕಾಲಿನ ಬೆಂಕಿಯ ಬಲೆ ಮಾತ್ರ ಇದ್ದಲ್ಲೇ ಇತ್ತು. ಲ್ಯಾಕ್ಟೇಟ್ 2.1.

ಬಲಗಾಲಿನ ಕಥೆ ಬೇರೆ. ಎಡಗಾಲು ಬೆಚ್ಚಗಾದ ಮೇಲೂ ಬಲಪಾದ ತಣ್ಣಗೇ ಇತ್ತು, ಎರಡನೇ ಬೆರಳು ನೀಲಿಗಟ್ಟಿತ್ತು. ಆಘಾತದ ತಂಪು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿರುತ್ತದೆ. ಒಂದೇ ಕಾಲು ತಣ್ಣಗಿದ್ದರೆ ಆ ಕಾಲಿನ ರಕ್ತನಾಳವನ್ನೇ ಅನುಮಾನಿಸಬೇಕು. ಪಾದದ ಮೇಲಿನ ನಾಡಿ ಕೈಗೆ ಸಿಗಲಿಲ್ಲ, ಡಾಪ್ಲರ್‌ನಲ್ಲಿ ಕ್ಷೀಣವಾದ ಹರಿವು ಮಾತ್ರ ಕೇಳಿಸಿತು. ಗದ್ದೆ ಬದುವಿನಲ್ಲಿ ನಡೆಯುವಾಗ ಮೀನಖಂಡ ಹಿಡಿದುಕೊಂಡಂತಾಗಿ ಕೂತು ಸುಧಾರಿಸಿಕೊಳ್ಳುವ ಅಭ್ಯಾಸ ಎರಡು ವರ್ಷಗಳಿಂದ ಇತ್ತೆಂದು ಮಗ ಆಗ ಹೇಳಿದರು. ಸಕ್ಕರೆ ಕಾಯಿಲೆಯಿಂದ ಮೊದಲೇ ಕಿರಿದಾಗಿದ್ದ ಅಪಧಮನಿ ಅದು. ಈ ಕಾಲನ್ನು ನೋಡಿ ಆಘಾತ ಹತೋಟಿಗೆ ಬಂದಿಲ್ಲವೆಂದು ತೀರ್ಮಾನಿಸುವುದು ಎಷ್ಟು ತಪ್ಪೋ, ಆಘಾತದ ತಂಪೆಂದು ಅದನ್ನು ಬಿಟ್ಟುಬಿಡುವುದೂ ಅಷ್ಟೇ ತಪ್ಪು. ನಾರ್‌ಅಡ್ರಿನಲಿನ್ ಹೋಗುತ್ತಿರುವಾಗ ಇಂತಹ ಬೆರಳು ಕಪ್ಪಾಗಿ ಕೊಳೆಯುವ ಅಪಾಯವಿರುತ್ತದೆ. ಆದ್ದರಿಂದ ರಕ್ತನಾಳ ಬಿಗಿಸುವ ಇನ್ನೊಂದು ಔಷಧಿಯಾದ ವ್ಯಾಸೋಪ್ರೆಸಿನ್ ಸೇರಿಸುವ ವಿಚಾರ ಕೈಬಿಟ್ಟೆವು, ಮತ್ತು ಬೆರಳಿನ ಅಳತೆ 3 ಸೆಕೆಂಡಿನೊಳಗೆ ನಿಲ್ಲುವಷ್ಟರ ಮಟ್ಟಿಗೆ ಮಾತ್ರ ಔಷಧಿ ಉಳಿಸಿಕೊಂಡು, ಎರಡನೇ ದಿನದಿಂದಲೇ ಅದನ್ನು ಇಳಿಸುತ್ತ ಬಂದೆವು. ಪಾದಕ್ಕೆ ಬಿಸಿನೀರಿನ ಬಾಟಲಿ ಇಡಲು ಮನೆಯವರು ಕೇಳಿಕೊಂಡರು. ಸ್ಪರ್ಶಜ್ಞಾನ ಕುಂದಿದ ಸಕ್ಕರೆ ಕಾಯಿಲೆಯ ಪಾದ ಸುಟ್ಟರೂ ತಿಳಿಯುವುದಿಲ್ಲವೆಂದು ವಿವರಿಸಿ, ಹತ್ತಿ ಸುತ್ತಿ ಉಣ್ಣೆಯ ಕಾಲುಚೀಲ ಹಾಕಿಸಿದೆವು.

ಚರ್ಮ ಬೆಚ್ಚಗಿದ್ದ ಮಾತ್ರಕ್ಕೆ ಆಘಾತವಿಲ್ಲವೆನ್ನಲಾಗದು ಎಂಬುದನ್ನೂ ಇಲ್ಲಿ ಸೇರಿಸಬೇಕು. ನಂಜಿನ ಆರಂಭದಲ್ಲಿ ಕೆಲವರ ರಕ್ತನಾಳಗಳು ಹಿಗ್ಗಿ, ಕೈಕಾಲು ಬೆಚ್ಚಗಿದ್ದು, ಒತ್ತಿದ ಬಣ್ಣ ಥಟ್ಟನೆ ಮರಳುತ್ತದೆ, ಆದರೂ ಒತ್ತಡ ಕುಸಿದಿರುತ್ತದೆ. ಡೆಂಗಿಯಲ್ಲಿ ಇದು ತಿರುಗುಮುರುಗು: ಮೇಲಿನ ಒತ್ತಡ 100ರ ಆಸುಪಾಸಿನಲ್ಲೇ ಇದ್ದು, ಮೇಲಿನ ಮತ್ತು ಕೆಳಗಿನ ಒತ್ತಡಗಳ ಅಂತರ 20ಕ್ಕೆ ಇಳಿದಿರುತ್ತದೆ, ಕೈಕಾಲು ತಣ್ಣಗಾಗಿರುತ್ತದೆ, ರೋಗಿ ಎದ್ದು ಕೂತು ಮಾತನಾಡುತ್ತಿರುತ್ತಾರೆ. ಮಳೆಗಾಲದಲ್ಲಿ ಮೈಸೂರು, ಮಂಡ್ಯದ ಜ್ವರದ ವಾರ್ಡ್‌ಗಳಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯನ್ನು ಗಂಟೆಗೊಮ್ಮೆ ಕೇಳುವ ಬಂಧುಗಳು, ಅದರ ಬದಲು ಪಾದವನ್ನು ಮುಟ್ಟಿ ನೋಡಿದರೆ ಹೆಚ್ಚು ಉಪಯೋಗವಾದೀತು.

ಮೂರನೇ ದಿನ ರಕ್ತ ಮತ್ತು ಮೂತ್ರ ಎರಡರಲ್ಲೂ ಇ. ಕೊಲೈ ಬ್ಯಾಕ್ಟೀರಿಯಾ ಬೆಳೆದ ವರದಿ ಬಂತು. ಅದೇ ದಿನ ನಾರ್‌ಅಡ್ರಿನಲಿನ್ ನಿಂತಿತು; ಡಯಾಲಿಸಿಸ್ ಬೇಕಾಗಲಿಲ್ಲ, ಕೃತಕ ಉಸಿರಾಟವೂ ಬೇಕಾಗಲಿಲ್ಲ. ಬಲಪಾದದ ಎರಡನೇ ಬೆರಳಿನ ನೀಲಿ ತಿಳಿಯಾಯಿತಾದರೂ ತುದಿಯಲ್ಲಿ ಕಡಲೆಯಷ್ಟಗಲದ ಒಣ ಕಪ್ಪು ಉಳಿಯಿತು. ಮನೆಗೆ ಹೋಗುವಾಗ ಕ್ರಿಯಾಟಿನಿನ್ 1.3 ಇತ್ತು. ರಕ್ತನಾಳ ತಜ್ಞರು ಕಾಲಿನ ಆಂಜಿಯೋಗ್ರಾಮ್ ಮಾಡಿಸಲು ಸೂಚಿಸಿದರು. ಮೂತ್ರಪಿಂಡ ಇನ್ನಷ್ಟು ಚೇತರಿಸಿಕೊಳ್ಳುವವರೆಗೆ ಅದನ್ನು ಮುಂದೂಡಿ, ಬೀಡಿ ಬಿಡುವಂತೆ, ಬಿಪಿ ಮಾತ್ರೆಯನ್ನು ದಿನವೂ ನುಂಗುವಂತೆ ಮತ್ತು ಒಲೆಯ ಮುಂದಿನ ಕೆಲಸ ಬಿಟ್ಟು ಆಲೆಮನೆಯಲ್ಲಿ ಬೇರೆ ಕೆಲಸ ಹಿಡಿಯುವಂತೆ ತಿಳಿಸಿ ಕಳುಹಿಸಿದೆವು.